ಬಿಳಿ ಕಾರಿಗೆ ಯಾವ ದಡಿ

ನೆನೆಸಿದ ಹುಣಸೆಹಣ್ಣಿನ ಬಟ್ಟಲನ್ನು ಕಟ್ಟೆಯ ಅಂಚಿಗೆ ಇಟ್ಟುಕೊಂಡು, ಬೂದಿಯಲ್ಲಿ ಅದ್ದಿದ ತೆಂಗಿನ ನಾರಿನಿಂದ ಸರಿತಾ ಕಾರಿನ ಕಿಟಕಿಗಳ ಸುತ್ತಲಿನ ಬೆಳ್ಳಿ ಬಣ್ಣದ ಪಟ್ಟಿಯನ್ನು ತಿಕ್ಕುತ್ತಿದ್ದಳು. ಕಟ್ಟೆಯ ಮೇಲೆ ಅವಳ ಅತ್ತೆ ತಾರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಾಗಿಲ ಪಕ್ಕದಲ್ಲಿ ತಾರವ್ವನ ಅತ್ತೆ, ಎಂಬತ್ತು ದಾಟಿದ ಕೆಂಪವ್ವ, ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದಳು. ನಾರು ಪಟ್ಟಿಯ ಮೇಲೆ ಸರಸರ ಹರಿದಾಡುತ್ತಿತ್ತು, ಜೋಳ ಮೊರದಲ್ಲಿ ಹಾರಿ ಬೀಳುತ್ತಿತ್ತು, ಬನಹಟ್ಟಿಯ ಆ ಓಣಿಯ ಮನೆಮನೆಯಿಂದ ಮಗ್ಗಗಳು ಖಟಖಟ ಎನ್ನುತ್ತಿದ್ದವು.

ಎರಡನೆಯ ಬಾಗಿಲಿಗೆ ಬರುವಷ್ಟರಲ್ಲಿ ಸರಿತಾಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ತಿಕ್ಕಿದಷ್ಟೂ ಹೊಳೆಯಬೇಕಾದ ಪಟ್ಟಿ ತಿಕ್ಕಿದಷ್ಟೂ ಮಂಕಾಗುತ್ತಿತ್ತು. ಬೂದಿ ಕೂತಿರಬೇಕು, ತೊಳೆದರೆ ಹೋಗುತ್ತದೆ ಎಂದುಕೊಂಡು ನಾಲ್ಕೂ ಬಾಗಿಲು ಮುಗಿಸಿದಳು. ಅತ್ತೆ ಹೇಳಿದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಪ್ರಶ್ನೆ ಕೇಳುವ ರೂಢಿ ಅವಳಿಗಿರಲಿಲ್ಲ. ಒಂದು ಕೊಡ ನೀರು ಹೊಯ್ದಳು. ಬೂದಿ ಹೋಯಿತು. ಹೊಳಪೂ ಅದರ ಸಂಗಡವೇ ಹೋಗಿತ್ತು.

"ಅತ್ತಿಯಾರ, ಸ್ವಲ್ಪ ಇಲ್ಲಿ ಬರ್ರಿ."

ತಾರವ್ವ ಬಂದು ನೋಡಿದಳು. ಸೆರಗಿನಿಂದ ಒರೆಸಿದಳು. ಬೆರಳಿಗೆ ಉಗುಳು ಹಚ್ಚಿಕೊಂಡು ಒರೆಸಿದಳು.

"ಒಣಗಲಿ. ಒಣಗಿದ ಮ್ಯಾಲ ಹೊಳಪ ಬರತೈತಿ. ಹಿತ್ತಾಳಿ ತಂಬಿಗಿ ಹಂಗ ಅಲ್ಲೇನ?"

ಒಣಗಿದ ಮೇಲೆ ಅದು ಹಳೆಯ ಅಲ್ಯೂಮಿನಿಯಂ ಡಬರಿಯ ಬಣ್ಣಕ್ಕೆ ಬಂತು. ಕೆಂಪವ್ವ ಕಟ್ಟೆಯ ಮೇಲಿಂದಲೇ ಕಣ್ಣು ಕಿರಿದು ಮಾಡಿ ನೋಡಿ, "ತಾರವ್ವಾ, ಕಾರಿಗೆ ವಿಭೂತಿ ಹಚ್ಚೀಯೇನ ಬೇ?" ಎಂದಳು.

ಇಷ್ಟೆಲ್ಲ ಆದದ್ದು ನಾಗರ ಪಂಚಮಿಯ ಸಲುವಾಗಿ. ಮದುವೆಯಾದ ಹೆಣ್ಣುಮಗಳು ಪಂಚಮಿಗೆ ತವರಿನಲ್ಲಿರಬೇಕು. ಸರಿತಾಳ ಮೊದಲ ಪಂಚಮಿ ಹೋದ ವರ್ಷವೇ ಬಂದಿತ್ತು. ಅವಳ ಚೀಲ ಕಟ್ಟಿದ ದಿನವೇ ಕೆಂಪವ್ವ ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡಳು. ಕಟ್ಟಿದ ಚೀಲ ಬಿಚ್ಚಬೇಕಾಯಿತು. ಬೀಳಗಿಯಲ್ಲಿ ಓಣಿಯ ಹುಡುಗಿಯರೆಲ್ಲ ಬೇವಿನ ಮರದ ಜೋಕಾಲಿ ಆಡುವಾಗ ಇವಳು ಬನಹಟ್ಟಿಯಲ್ಲಿ ಅಜ್ಜಿಯ ಸೊಂಟಕ್ಕೆ ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದಳು. ಈ ವರ್ಷ ಹೋಗಲೇಬೇಕು ಎನ್ನುವುದು ಅವಳ ಮನಸ್ಸಿನಲ್ಲಿದ್ದ ಒಂದೇ ಒಂದು ಮಾತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು. ಹೇಗೆಂದರೆ, ಇನ್ನೂ ಮೂರು ವಾರ ಇರುವಾಗಲೇ ಅವಳು ರೊಟ್ಟಿ ಬಡಿಯುವ ಸಪ್ಪಳ ಬದಲಾಗಿತ್ತು.

ಮಾವ ಧರೆಪ್ಪನಿಗೆ ಅವಳನ್ನು ಕಳಿಸಲು ಏನೂ ಅಡ್ಡಿಯಿರಲಿಲ್ಲ. ಅಡ್ಡಿಯಿಲ್ಲ ಅನ್ನುವುದಕ್ಕಿಂತ ಹೆಚ್ಚಿನ ಹುಮ್ಮಸ್ಸೇ ಇತ್ತು. ಲೋಕಾಪುರದವರೊಬ್ಬರಿಂದ ಕೊಂಡ ಬಿಳಿ ಕಾರು ಮನೆಗೆ ಬಂದು ಐದು ತಿಂಗಳಾಗಿತ್ತು. ಬೀಗರು ಅದನ್ನಿನ್ನೂ ನೋಡಿರಲಿಲ್ಲ. ಸೊಸೆಯನ್ನು ಕಾರಿನಲ್ಲಿ ಕರೆದೊಯ್ದು ಬೀಳಗಿಯ ಬೀಗರ ಬಾಗಿಲಿಗೆ ಇಳಿಸಬೇಕು, ಆ ಓಣಿಯ ಹೆಂಗಸರು ಕಿಟಕಿಯ ಪಟ್ಟಿಯಲ್ಲಿ ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಳ್ಳಬೇಕು ಎನ್ನುವುದು ಅವನ ಆಸೆ.

ಮಧ್ಯಾಹ್ನ ಊಟಕ್ಕೆ ಮಗ್ಗದ ಮನೆಯಿಂದ ಬಂದ ಧರೆಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ ನಿಂತ. ಕೈಯಲ್ಲಿದ್ದ ಟವೆಲ್ಲು ಕೆಳಗೆ ಬಿತ್ತು.

"ಯಾರ ಮಾಡಿದ್ದು ಇದನ್ನ?"

ಸರಿತಾ ಬಾಯಿ ತೆರೆಯುವುದರೊಳಗೆ ತಾರವ್ವ ಮುಂದೆ ಬಂದಳು. "ನಾ ಹೇಳಿ ಮಾಡಿಸೇನಿ. ಆಕೀಗೆ ಏನೂ ಅನಬ್ಯಾಡ್ರಿ. ದೇವರ ಸಾಮಾನ ಬೆಳಗಿದಂಗ ಬೆಳಗ್ಯಾಳ ಆಕಿ. ನಿಮ್ಮ ಪಟ್ಟಿನ ಖೊಟ್ಟಿ ಇದ್ರ ಯಾರೇನ ಮಾಡ್ಯಾರು?"

"ಖೊಟ್ಟಿ? ಅದು ಕಂಪನಿ ಪಟ್ಟಿ!"

"ಕಂಪನಿ ಪಟ್ಟಿ ಹುಣಸಿಹಣ್ಣಿಗೆ ಅಂಜತೈತೇನ್ರಿ?"

ರಾತ್ರಿ ಊಟಕ್ಕೆ ಜ್ಞಾನೇಶ್ವರನೂ ಇದ್ದ. ಧರೆಪ್ಪನ ಒಬ್ಬನೇ ಮಗ, ಸರಿತಾಳ ಗಂಡ. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಕಾರ್ಖಾನೆಯ ಹಾಜರಿಯಲ್ಲಿ ಜ್ಞಾನೇಶ್ವರ, ಮನೆಯಲ್ಲಿ ಗ್ಯಾನು. ಪಟ್ಟಿ ಕೆಟ್ಟಿದ್ದನ್ನು ಕೇಳಿ ಅವನಿಗೆ ದುಃಖವಾದಂತೆ ಕಾಣಲಿಲ್ಲ. ರೊಟ್ಟಿ ಮುರಿದು ಬದನೆಕಾಯಿ ಪಲ್ಯದಲ್ಲಿ ಅದ್ದುತ್ತ, "ಕೆಟ್ಟಿದ್ದ ಛಲೋ ಆತಪಾ," ಎಂದ. "ಈಗ ಬೆಳ್ಳಿ ಪಟ್ಟಿ ಯಾರೂ ಇಡಂಗಿಲ್ಲ. ಎಲ್ಲಾ ಕರೇದು ಬಂದೈತಿ. ಕರೇ ಪಟ್ಟಿ ಹಾಕಿಸಿಬಿಡೂಣು."

ಧರೆಪ್ಪನ ಕೈ ತಾಟಿನಲ್ಲೇ ನಿಂತಿತು. "ಏನಂದಿ?"

"ಕರೇದು. ಬ್ಲ್ಯಾಕ್. ನೋಡಾಕ ಮಸ್ತ ಇರತೈತಿ."

"ಲೇ ಗ್ಯಾನ್ಯಾ, ನಲವತ್ತ ವರ್ಷ ಸೀರಿ ನೇದೇನಿ ನಾ. ಕಿಡಕಿ ಸುತ್ತ ಇರೂದು ಏನದು? ಸೀರಿಗೆ ಅಂಚಿನ ದಡಿ ಇದ್ದಂಗ ಕಾರಿನ ದಡಿ. ಬಿಳೇ ಮೈಗೆ ಕರೇ ದಡಿ ಹಾಕಿ ಯಾವ ಮುತ್ತೈದಿ ಉಟ್ಟಾಳ ಹೇಳು ನೋಡೂಣು?"

"ನಾ ಉಡ್ತೇನಲ್ಲೋ," ಎಂದಳು ಮೂಲೆಯಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿಕೊಂಡು ಕೂತಿದ್ದ ಕೆಂಪವ್ವ. "ನಿಮ್ಮಪ್ಪ ಹ್ವಾದಾಗಿಂದ ಅದನ್ನ ಉಡಾಕತ್ತೇನಿ. ಛಲೋ ಬಾಳಿಕಿ ಬರತೈತಿ."

"ಕೇಳಿದ್ಯಾ?" ಧರೆಪ್ಪ ಗೆದ್ದವನ ಹಾಗೆ ಮಗನ ಕಡೆ ನೋಡಿದ. "ಕೇಳಿದ್ಯಾ ಇಲ್ಲಾ?"

"ಹಂಗಂದ್ರ ಬಿಳೇ ಕಾರ ಯಾಕ ತಂದಿ? ಹಸರ ಕಾರ ತರಬೇಕಿತ್ತು, ಬಳಿ ಹಾಕಿ."

ಬಗ್ಗಿ ಸಾರು ಬಡಿಸುತ್ತಿದ್ದ ಸರಿತಾ ನಗು ಬಂದದ್ದನ್ನು ಸಾರಿನ ಬೋಗುಣಿಯ ಹಿಂದೆ ಮುಚ್ಚಿಟ್ಟಳು. ಧರೆಪ್ಪ ಮಾತ್ರ ನಗಲಿಲ್ಲ. ಹೊಸ ಬೆಳ್ಳಿ ಪಟ್ಟಿಯೇ ಹಾಕಬೇಕು, ಇಲ್ಲವಾದರೆ ಬೀಳಗಿಗೆ ತಾನು ಆ ಕಾರಿನಲ್ಲಿ ಬರುವುದಿಲ್ಲ ಎಂದು ಹೇಳಿ ಎದ್ದು ಕೈ ತೊಳೆದ.

ಮರುದಿನ ಸಂಜೆ ಬೀಳಗಿಯಿಂದ ಸರಿತಾಳ ಅಣ್ಣ ಅಜಯನ ಫೋನು ಬಂತು. ಪಂಚಮಿಗೆ ಕರೆಯಲು ಅಣ್ಣನೇ ಬರುವುದು ಪದ್ಧತಿ. ಫೋನು ಧರೆಪ್ಪನ ಕೈಯಲ್ಲಿತ್ತು. ಸರಿತಾ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರೆ ಕೇಳುತ್ತಿದ್ದಾಳೆಂದು ಗೊತ್ತಾಗುತ್ತದೆ; ನಿಲ್ಲಿಸದಿದ್ದರೆ ಕೇಳಿಸುವುದಿಲ್ಲ. ಹಗುರವಾಗಿ ಬಡಿಯತೊಡಗಿದಳು.

"ಏನಂದಿಪಾ? ಬೈಕ್ ತಗೊಂಡ ಬರ್ತಿ? ಏ ಬ್ಯಾಡ ಬ್ಯಾಡ! ಮನಿ ಮುಂದ ಕಾರ ನಿಂತೈತಿ, ನಮ್ಮ ಸೊಸೀನ ಬೈಕ್ ಮ್ಯಾಲ ಕಳಸೂನೇನು? ನಾವ ತಂದ ಬಿಡ್ತೇವಿ. ಹೂಂ, ಕಾರಿನ್ಯಾಗ. ನೀವು ಉಂಡಿ ಕಟ್ಟಿ ಇಡ್ರಿ, ಸಾಕು."

ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕರ್ರಗಾಯಿತು. ಮಗ್ಗುಲಲ್ಲಿ ಕೂತು ಮೆಣಸಿನಕಾಯಿ ಸೋಸುತ್ತಿದ್ದ ತಾರವ್ವ, "ರೊಟ್ಟಿ ನೋಡವಾ," ಎಂದಳು.

ಸರಿತಾ ರೊಟ್ಟಿ ತಿರುವಿ ಹಾಕಿದಳು. ಎರಡು ರೊಟ್ಟಿ ಆದ ಮೇಲೆ ಮೆಲ್ಲಗೆ ಅಂದಳು: "ಅತ್ತಿಯಾರ, ಕಾರಿಂದು ತಡಾ ಆದ್ರ ನಾ ಬಸ್ಸಿಗರ ಹೋಗ್ತೇನ್ರಿ. ಜಮಖಂಡಿಯಾಗ ಒಂದ ಬಸ್ ಬದಲಿ ಮಾಡೂದು ಅಷ್ಟ. ಹೆಂಗಸರಿಗೆ ಟಿಕೀಟನೂ ಇಲ್ಲಲ್ರಿ."

"ಟಿಕೀಟ ಇಲ್ಲ ಅನ್ನೂದ ತ್ರಾಸಿನ ಮಾತವಾ!" ತಾರವ್ವ ಮೆಣಸಿನಕಾಯಿ ಕೆಳಗಿಟ್ಟಳು. "ರೊಕ್ಕ ಕೊಟ್ಟ ಹೋಗೂ ಬಸ್ ಆದ್ರ ಮಾತ ಬ್ಯಾರೆ. ಕಾರ ಇಟಗೊಂಡ ಸೊಸೀನ ಪುಕ್ಕಟ ಬಸ್ಸಿಗೆ ಹಾಕಿ ಕಳಿಸ್ಯಾರ ಅಂತ ನಿಮ್ಮವ್ವ ಅನಂಗಿಲ್ಲ, ಖರೆ. ನಿಮ್ಮ ದೊಡ್ಡವ್ವ? ಆಕಿ ಬಾಯಿ ಮುಚ್ಚಾಕ ಯಾವ ಬಸ್ ಐತಿ?"

ಸರಿತಾಳ ದೊಡ್ಡವ್ವನ ಬಾಯಿ ಮುಚ್ಚುವ ಬಸ್ಸು ಇರಲಿಲ್ಲ, ಅದು ನಿಜ. ಅಲ್ಲಿಗೆ ಆ ಮಾತು ಮುಗಿಯಿತು.

ರವಿವಾರ ಕೆಂಪವ್ವನನ್ನು ಬಿಟ್ಟು ನಾಲ್ವರೂ ಜಮಖಂಡಿಗೆ ಹೋದರು. ಗಂಡಸರಿಗೆ ಅಂಗಡಿಯವರು ಟೋಪಿ ಹಾಕುತ್ತಾರೆಂದು ತಾರವ್ವ ಬಂದಳು. ತಾರವ್ವನಿಗೆ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತರೆ ಹೊಟ್ಟೆ ತೊಳಸುತ್ತದೆಂದು ಸರಿತಾ ಬಂದಳು. ಕಾರಿನ ಅಲಂಕಾರದ ಸಾಮಾನು ಮಾರುವ ಬಂಡುವಿನ ಅಂಗಡಿ ರಸ್ತೆಯ ಮೇಲೇ ಇತ್ತು. ಬಂಡು ಪಟ್ಟಿಯ ಮೇಲೆ ಬೆರಳಾಡಿಸಿದ. ಮೂಸಿ ನೋಡಿದ.

"ಹುಣಸಿಹಣ್ಣಿನ ವಾಸನಿ ಬರಾಕತ್ತೈತಲ್ರಿ ಕಾಕಾ. ಯಾರ ತಿಕ್ಕಿದವ್ರು?"

ನಾಲ್ವರೂ ರಸ್ತೆಯ ಕಡೆ ನೋಡಿದರು.

"ಇದು ಹಿತ್ತಾಳಿ ಅಲ್ರಿ. ಮ್ಯಾಲ ಹೊಳಪಿನ ಪದರ ಅಷ್ಟ ಇರತೈತಿ. ಆ ಪದರ ನಿಮ್ಮ ಬಚ್ಚಲ ಮೋರ್ಯಾಗ ಹರಕೊಂಡ ಹೋಗೇತಿ." ಅವನು ಒಳಗಿಂದ ಉದ್ದನೆಯ ಕರಿ ಪಟ್ಟಿಗಳನ್ನು ತಂದ. "ಬೆಳ್ಳೀದು ಕೊಲ್ಹಾಪುರದಿಂದ ತರಸಬೇಕ್ರಿ, ಒಂದ ವಾರದ ಮ್ಯಾಲ ಬೇಕು. ಕರೇದು ಈಗ ಐತಿ. ತಾಸಿನ್ಯಾಗ ಹಾಕಿ ಕೊಡ್ತೇನಿ."

"ಹಾಕು," ಎಂದ ಗ್ಯಾನು.

"ಕೈ ಹಚ್ಚಬ್ಯಾಡ," ಎಂದ ಧರೆಪ್ಪ.

ಬಂಡು ಪಟ್ಟಿ ಹಿಡಿದುಕೊಂಡು ಅಪ್ಪನ ಮುಖ ನೋಡಿದ, ಮಗನ ಮುಖ ನೋಡಿದ, ಕೊನೆಗೆ ತಾರವ್ವನ ಮುಖ ನೋಡಿದ. ಸರಿತಾಳ ಮುಖ ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ನೋಡಿದ್ದರೆ, ಯಾವುದಾದರೂ ಒಂದು ಹಾಕಿಬಿಡು ಮಾರಾಯ ಎಂದು ಅಲ್ಲಿ ಬರೆದಿತ್ತು.

ಆಗ ಧರೆಪ್ಪನಿಗೆ ತನ್ನ ಕಸುಬಿನ ದಾರಿ ನೆನಪಾಯಿತು. ಬನಹಟ್ಟಿಯ ನೇಕಾರ ಹೊಸ ಸೀರೆಗೆ ಒಮ್ಮೆಲೇ ಕೈ ಹಾಕುವುದಿಲ್ಲ. ಮೊದಲು ಒಂದು ಗೇಣು ದಡಿ ನೇಯ್ದು, ಅದನ್ನು ಸಾವುಕಾರನಿಗೆ ತೋರಿಸಿ, ನಾಲ್ಕು ಮಂದಿ ನೋಡಿ ಹೂಂ ಅಂದ ಮೇಲೆಯೇ ಪೂರ್ತಿ ಸೀರೆ. ಅದಕ್ಕೆ ನಮೂನೆ ಎನ್ನುತ್ತಾರೆ.

"ಬಂಡೂ, ಒಂದ ಕೆಲಸಾ ಮಾಡು. ಎಡಕಿನ ಬಾಜು ಅಷ್ಟ ಕರೇದು ಹಾಕು, ನಮೂನಿ ಅಂತ. ಬೆಳ್ಳೀದು ಬಂದ ಮ್ಯಾಲ ಬಲಕಿನ ಬಾಜುಕ ಅದನ್ನ ಹಾಕು. ಎರಡೂ ಕಣ್ಣಿಲೆ ನೋಡೂಣು. ನಾಕ ಮಂದಿ ಯಾವದಕ್ಕ ಹೂಂ ಅಂತಾರ, ಎರಡೂ ಬಾಜುಕ ಅದ."

"ಕಾಕಾ, ಕಾರಿಗೆ ಯಾರೂ ಹಿಂಗ ನಮೂನಿ ಕೇಳಿಲ್ರಿ."

"ಸೀರಿ ನೇಯಾವ್ರು ಯಾರೂ ನಿನ್ನ ಅಂಗಡಿಗೆ ಬಂದಿಲ್ಲ ಹಂಗಾದ್ರ."

ಗ್ಯಾನು ಒಪ್ಪಿದ. ಒಂದು ಬದಿ ಕರಿ ಆದರೆ ಇನ್ನೊಂದು ಬದಿ ತಾನಾಗಿಯೇ ಹಿಂದೆ ಬರುತ್ತದೆಂದು ಅವನ ಲೆಕ್ಕ. ಬೆಳ್ಳಿ ಹೊಳೆಯುವುದನ್ನು ನೋಡಿದ ಮೇಲೆ ಕರಿಯದನ್ನು ಕೇಳುವವರಾರು ಎಂದು ಧರೆಪ್ಪನ ಲೆಕ್ಕ. ತಾರವ್ವ ಜಗಳ ತಪ್ಪಿತೆಂದು ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದಳು. ಹತ್ತು ದಿನ ಬಿಟ್ಟು ಬೆಳ್ಳಿ ಪಟ್ಟಿ ಬಂತು, ಬಲಗಡೆ ಕೂತಿತು. ಈಗ ಕಾರು ಎಡದಿಂದ ನೋಡಿದರೆ ಒಂದು, ಬಲದಿಂದ ನೋಡಿದರೆ ಇನ್ನೊಂದು.

ಓಣಿಗೆ ಓಣಿಯೇ ಎರಡಾಯಿತು. ಕಾರಿನ ಎಡಕ್ಕಿದ್ದ ಮನೆಯವರು ಕರಿಯದೇ ಚೆಂದ ಎಂದರು, ಬಲಕ್ಕಿದ್ದವರು ಬೆಳ್ಳಿಯೇ ಚೆಂದ ಎಂದರು. ಯಾಕೆಂದರೆ ದಿನಾ ಬಾಗಿಲು ತೆರೆದರೆ ಅವರವರ ಕಣ್ಣಿಗೆ ಬೀಳುವುದು ಅದೇ. ಪಾರ್ಸೆಲ್ ತಂದವನಿಗೆ ಒಬ್ಬರು "ಕರೇ ದಡಿ ಕಾರಿನ ಮನಿ" ಎಂದು, ಇನ್ನೊಬ್ಬರು "ಬೆಳ್ಳಿ ದಡಿ ಕಾರಿನ ಮನಿ" ಎಂದು ಹೇಳಿ, ಅವನು ಓಣಿಯನ್ನು ಮೂರು ಸಲ ಸುತ್ತಿ ಧರೆಪ್ಪನ ಮನೆಯೆದುರೇ ನಿಂತು ಧರೆಪ್ಪನ ಮನೆ ಎಲ್ಲಿ ಎಂದು ಕೇಳಿದ.

ಇದರಿಂದ ಧರೆಪ್ಪನಿಗೊಂದು ಉಪಾಯ ಹೊಳೆಯಿತು. ಮುಂಜಾನೆ ಮಗ ಕೆಲಸಕ್ಕೆ ಹೋದ ಮೇಲೆ ಕಾರನ್ನು ಓಣಿಯ ಕೊನೆಯವರೆಗೆ ಒಯ್ದು, ತಿರುಗಿಸಿ ತಂದು, ಬೆಳ್ಳಿ ಬದಿ ಹೆಚ್ಚು ಮನೆಗಳಿರುವ ಕಡೆಗೆ ಬರುವಂತೆ ನಿಲ್ಲಿಸಿದ. ಸಂಜೆ ಗ್ಯಾನು ಬಂದವನೇ ಕೀಲಿ ತೆಗೆದುಕೊಂಡು ಹೋಗಿ ತಿರುಗಿಸಿ ನಿಲ್ಲಿಸಿದ. ಮರುದಿನ ಮುಂಜಾನೆ ಮತ್ತೆ ಧರೆಪ್ಪ. ಸಂಜೆ ಮತ್ತೆ ಗ್ಯಾನು. ಬೀಳಗಿಗೆ ಹೋಗಬೇಕಾದ ಕಾರು ಹೀಗೆ ದಿನಕ್ಕೆ ಎರಡು ಸಲ ಓಣಿಯ ಕೊನೆಗೆ ಹೋಗಿ ಬರುತ್ತಿತ್ತು. ಸರಿತಾ ಶೇಂಗಾ ಹುರಿಯುತ್ತ, ಬೆಲ್ಲ ಕುಟ್ಟುತ್ತ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ತವರಿಗೆ ಒಯ್ಯಲು ಐದು ತರಹದ ಉಂಡಿ ಆಗಬೇಕಿತ್ತು. ಎಳ್ಳಿನದು ಕಟ್ಟಿದ ದಿನ ಕಾರು ಮೂಡಲಕ್ಕೆ ಮುಖ ಮಾಡಿತ್ತು. ಶೇಂಗಾದ್ದು ಕಟ್ಟುವ ಹೊತ್ತಿಗೆ ಪಡುವಲಕ್ಕೆ.

"ಒಂದ ಸಲಾ ಹೆಚ್ಚಿಗಿ ತಿರುವಿದ್ರ ತೆಲಿ ತಿರಗಿ ಬೀಳತೈತಿ ಅದು," ಎಂದಳು ಕೆಂಪವ್ವ.

ಬೀಳಗಿಯಿಂದ ಅವ್ವನ ಫೋನು ಬಂತು. "ಯಾವಾಗ ಬರ್ತೀಬೇ? ಜೋಕಾಲಿ ಹಗ್ಗ ಹೊಸಾದ ತಂದಾನ ನಿಮ್ಮಣ್ಣ."

"ಬರ್ತೇನವಾ," ಎಂದಳು ಸರಿತಾ. ಹೊರಗೆ ಕಾರು ಸದ್ದು ಮಾಡುತ್ತಿತ್ತು. "ಗಾಡಿ ಚಾಲೂನ ಐತಿ."

ಅದೇ ವಾರ ಗಿರಮಲ್ಲಪ್ಪ ಸಾವುಕಾರರು ಬಂದರು. ಧರೆಪ್ಪ ನೇಯುವ ಸೀರೆಗಳನ್ನೆಲ್ಲ ಕೊಳ್ಳುವವರು ಅವರೇ. ದಡಿಯ ವಿಷಯದಲ್ಲಿ ಅವರ ಮಾತು ಅಂದರೆ ಧರೆಪ್ಪನಿಗೆ ಮುಗಿಯಿತು. ಅವರು ಸ್ಕೂಟರ್ ನಿಲ್ಲಿಸಿದ್ದು ಕರಿ ಬದಿಗೆ. ಚಹದ ಕಪ್ಪು ಹಿಡಿದು ನಿಂತೇ ನೋಡಿದರು.

"ಧರೆಪ್ಪಾ, ಇದು ನೋಡು ಘನತಿ. ಕಣ್ಣಿಗೆ ಹೊಡಿಯಂಗಿಲ್ಲ, ಖರೆ ಎದ್ದ ಕಾಣತೈತಿ. ಬೆಳ್ಳಿ ಪಟ್ಟಿ ಅಂದ್ರ ಬ್ಯಾಂಡಿನವರ ಗಾಡಿ ಆಗತೈತಿ. ಯಾರ ಆರಿಸಿದ್ರು ಇದನ್ನ?"

ಚಹ ತಂದುಕೊಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದ ಸರಿತಾಳಿಗೆ ಮಾವನ ಕಿವಿ ಕೆಂಪಾದದ್ದು ಕಂಡಿತು.

"ನಾನ ಆರಿಸೇನ್ರಿ," ಎಂದ.

ಮರುದಿನ ಗ್ಯಾನು, ಮಳೆ ಬರುತ್ತದೆಂಬ ನೆಪ ಮಾಡಿ, ಕಾರನ್ನು ಕಾರ್ಖಾನೆಗೆ ಒಯ್ದ. ಸಂಜೆ ಬಂದಾಗ ಮುಖ ಸಣ್ಣದಾಗಿತ್ತು. ಸರಿತಾ ನೀರು ಕೊಟ್ಟಳು. ಅವನು ಕುಡಿದು ತಂಬಿಗೆ ಹಿಡಿದುಕೊಂಡೇ ಕೂತ.

"ಏನಾತ್ರಿ?"

"ಏನಿಲ್ಲ. ನಮ್ಮ ಸಾಹೇಬ್ರು ಸುತ್ತ ಹಾಕಿ ನೋಡಿದ್ರು. ಎಡಕಿನ ಬಾಜು ನೋಡಿ, ‘ಏನ ಜ್ಞಾನೇಶ್ವರ, ಬಾಡಿಗಿ ಹೊಡ್ಯಾಕ ಹತ್ತೀಯೇನು?’ ಅಂದ್ರು. ಬಲಕ ಬಂದು, ‘ಹಾಂ, ಇದ ಮನಿ ಗಾಡಿ ಅನಸ್ತೈತಿ’ ಅಂದ್ರು. ಮಂದಿ ಎಲ್ಲಾ ನಕ್ರು."

ಸರಿತಾ ಅವನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಎದೆಯಲ್ಲಿ ಆಸೆಯೊಂದು ತಲೆ ಎತ್ತಿತು. ಮಾವನಿಗೆ ಕರಿಯದು ಹಿಡಿಸಿದೆ, ಗಂಡನಿಗೆ ಬೆಳ್ಳಿ ಹಿಡಿಸಿದೆ. ಇಬ್ಬರೂ ಸೋತ ಮೇಲೆ ಜಗಳ ಯಾತರದು? ಹೊಲಿದು ಮುಗಿದ ಅರಿವೆಯ ಹಾಗೆ ಕಂಡಿತು ಅವಳಿಗೆ. ಪಂಚಮಿಗೆ ಇನ್ನೂ ಐದು ದಿನವಿತ್ತು.

ರಾತ್ರಿ ತಾಟಿಗೆ ಅನ್ನ ಬಿದ್ದ ಕೂಡಲೇ ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ಆಗಲಿ ಬಿಡು, ಕರೇದ ಹಾಕಸೂಣು," ಎಂದ ಧರೆಪ್ಪ.

"ಆತು, ಬೆಳ್ಳೀದ ಇರಲಿ," ಎಂದ ಗ್ಯಾನು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಾರವ್ವ ಅನ್ನದ ಕೈ ಮೇಲೆತ್ತಿ ನಗತೊಡಗಿದಳು. ಅದೇ ತಪ್ಪಾಯಿತು. ಅವಳು ನಗದಿದ್ದರೆ ಬಹುಶಃ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದು ಎಲ್ಲಿಯಾದರೂ ಕೂಡುತ್ತಿದ್ದರು.

"ಈಗ ಬೆಳ್ಳಿ ಬೇಕಾ ನಿನಗ?" ಧರೆಪ್ಪ ಗುಡುಗಿದ. "ನಾ ನಿನ್ನ ಸಲುವಾಗಿ ಒಪ್ಪಗೊಂಡೇನಿ, ನೀ ಈಗ ನನಗ ಕೊಂಕ ಮಾತಾಡ್ತಿ?"

"ನಾ ನಿನ್ನ ಮಾತ ನಡಸೂಣು ಅಂದ್ರ ಅದೂ ತಪ್ಪ? ನೀನ ಅಲ್ಲೇನು ಬಿಳೇ ಮೈಗೆ ಕರೇ ದಡಿ ರಂಡಮುಂಡಿ ಸೀರಿ ಅಂದಾವಾ?"

"ಯಾರಿಗೆ ಅನ್ನಾಕತ್ತೀಯೋ?" ಎಂದಳು ಕೆಂಪವ್ವ ಮೂಲೆಯಿಂದ.

"ನಿನಗಲ್ಲ ಆಯಿ, ಕಾರಿಗೆ."

"ಮೊದಲ ಆ ಹುಡಿಗೀನ ಕಳಸ್ರೋ. ನಾ ತವರಿಗೆ ಚಕ್ಕಡ್ಯಾಗ ಹೋಗಿ ಬಂದಾಕಿ. ಚಕ್ಕಡಿಗೆ ಎಲ್ಲಿ ದಡಿ ಇತ್ತು?"

ಯಾರೂ ಆಕೆಯ ಮಾತು ಕೇಳಿಸಿಕೊಳ್ಳಲಿಲ್ಲ. ಇಷ್ಟು ದಿನ ಆಡಿದ ಮಾತುಗಳನ್ನೇ ಅಪ್ಪ ಮಗ ಅದಲುಬದಲು ಮಾಡಿಕೊಂಡು ಮತ್ತೆ ಆಡತೊಡಗಿದರು. ಈಗ ಬ್ಯಾಂಡಿನವರ ಗಾಡಿ ಎನ್ನುವವನು ಅಪ್ಪ. ಘನತೆ ಗಿನತೆ ಏನಿಲ್ಲ, ಬಾಡಿಗೆ ಗಾಡಿ ಎನ್ನುವವನು ಮಗ. ಮನಸ್ಸು ಬದಲಾದದ್ದು ಹೇಗೆ ಎನ್ನುವುದನ್ನು ಮಾತ್ರ ಇಬ್ಬರೂ ಬಾಯಿ ಬಿಡಲಿಲ್ಲ. ಎರಡೂ ಗೊತ್ತಿದ್ದವಳು ಸರಿತಾ ಒಬ್ಬಳೇ. ಅವಳು ಮಜ್ಜಿಗೆ ಬಡಿಸಿದಳು.

ಪಾತ್ರೆ ತೊಳೆದು ಬಂದ ಮೇಲೆ ಗಂಡನ ಹತ್ತಿರ ಮಾತೆತ್ತಿದಳು. "ಎರಡೂ ಹಂಗ ಇರಲಿ. ಹಂಗ ಹೋಗೂಣಲ್ರಿ."

"ಬೀಗರ ಊರಾಗ ನಗತಾರ."

"ಒಂದ ಸಲಕ್ಕ ಒಂದ ಬಾಜು ಅಷ್ಟ ಕಾಣತೈತ್ರಿ ಮಂದಿಗೆ."

ಗ್ಯಾನು ಕಾರು ನಿಂತ ಕಡೆಗೊಮ್ಮೆ ನೋಡಿದ, ಇವಳ ಕಡೆಗೊಮ್ಮೆ ನೋಡಿದ. "ನೀ ಸುಮ್ನ ಮಲಕೊ," ಎಂದ.

ರೊಟ್ಟಿ ಹಬ್ಬದ ಹಿಂದಿನ ದಿನ ಬಂತು. ನಾಳೆ ರೊಟ್ಟಿ, ನಾಡಿದ್ದು ನಾಗಪ್ಪನಿಗೆ ಹಾಲು, ಅದರ ಮರುದಿನ ಪಂಚಮಿ. ಸಂಜೆಯೊಳಗೆ ಬೀಳಗಿ ಮುಟ್ಟುವುದೆಂದು ಧರೆಪ್ಪ ಫೋನಿನಲ್ಲಿ ಬೀಗರಿಗೆ ಹೇಳಿದ್ದ. ಮುಂಜಾನೆ ಮೈ ತೊಳೆದುಕೊಂಡು ಸರಿತಾ ಹಸಿರು ಸೀರೆ ಉಟ್ಟಳು. ಚೀಲ ಕಟ್ಟಿದಳು. 

ಮಧ್ಯಾಹ್ನ ಮೂರಕ್ಕೆ ಬಂಡು ಬೈಕಿನ ಮೇಲೆ ಬಂದ. ಹಿಂದೆ ಪಟ್ಟಿಗಳ ಉದ್ದನೆಯ ಕಟ್ಟು. ಅವನನ್ನು ಕರೆಸಿದ್ದು ಧರೆಪ್ಪ. ಮಗನಿಗೆ ಗೊತ್ತಿಲ್ಲದಂತೆ ಫೋನು ಮಾಡಿ, ಬಲಗಡೆಗೂ ಕರಿಯದನ್ನು ಹಾಕಿಬಿಡು ಎಂದಿದ್ದ. ಅವನನ್ನು ಗ್ಯಾನುವೂ ಕರೆಸಿದ್ದ. ಅಪ್ಪನಿಗೆ ಗೊತ್ತಿಲ್ಲದಂತೆ, ಎಡಗಡೆಗೂ ಬೆಳ್ಳಿ ಹಾಕಿಬಿಡು ಎಂದು. ಅಪ್ಪ ಮಗ ಕೂಡಿ ಮಾತಾಡಿಕೊಂಡೇ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲು ಮಾಡಿಸುತ್ತಿದ್ದಾರೆಂದು ಬಂಡು ತಿಳಿದ. ದೊಡ್ಡವರ ಮನೆಯ ವಿಷಯ, ನಮಗೇಕೆ ಎಂದು ಅವನು ಕೇಳಲಿಲ್ಲ. ಧರೆಪ್ಪ ಮಗ್ಗದ ಮನೆಯಲ್ಲಿ ನೂಲು ಕಡಿದಿತ್ತೆಂದು ಹೋಗಿದ್ದ, ಗ್ಯಾನು ಅರ್ಧ ದಿನದ ರಜೆ ಹಾಕಿ ದಾರಿಯಲ್ಲಿದ್ದ. ಬಂಡು ಎಡಗಡೆಯ ಕರಿ ಪಟ್ಟಿಯನ್ನು ಬಿಚ್ಚಿದ. ಬಲಗಡೆಯ ಬೆಳ್ಳಿ ಪಟ್ಟಿಯನ್ನೂ ಬಿಚ್ಚಿದ.

ಮೊದಲು ಬಂದವನು ಧರೆಪ್ಪ. "ಎಡಕಿಂದ ಯಾಕ ತಗದಿ?"

ಹಿಂದೆಯೇ ಗ್ಯಾನು. "ಬಲಕಿಂದ ಯಾರ ತಗಿ ಅಂದ್ರು?"

ಬಂಡು ನಡುವೆ ನಿಂತು ಇಬ್ಬರ ಕಡೆಗೂ ಕೈ ತೋರಿಸಿದ. "ನೀವ ಅಂದ್ರಿ. ನೀವೂ ಅಂದ್ರಿ. ಈಗ ಯಾವದ ಹಾಕಲ್ರಿ?"

ಕಾರು ಎರಡೂ ಕಡೆಯಿಂದ ಬೋಳಾಗಿ ನಿಂತಿತ್ತು. ಕಿಟಕಿಯ ಸುತ್ತ ಹಳೆಯ ಅಂಟಿನ ಗುರುತು, ಸಣ್ಣ ಸಣ್ಣ ಕ್ಲಿಪ್ಪುಗಳು. ಓಣಿಯ ಹೆಂಗಸರು ಹಬ್ಬದ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ಕರೇದು ಹಾಕು!" ಎಂದ ಧರೆಪ್ಪ.

"ಬೆಳ್ಳೀದು ಹಾಕು!" ಎಂದ ಗ್ಯಾನು.

"ಮನಿ ಯಜಮಾನ ಯಾರಲೇ?"

"ಗಾಡಿ ಓಡಿಸಾವ್ರು ಯಾರು?"

"ಓಡಸೂದ ಅಂದ್ರ ಓಣಿ ತುದೀಗೆ ಹೋಗಿ ಬರೂದು ಅಲ್ಲ!"

"ನಿನಗ ಓಡಸಾಕ ಕಲಿಸಿದ್ದ ಯಾರು?"

"ಏನ್ರಿ, ಮಂದಿ ನೋಡಾಕತ್ತಾರ," ಎಂದು ತಾರವ್ವ ನಡುವೆ ಹೋದಳು. ಹೋದವಳು ಬಂಡುವಿನ ಕೈಯಲ್ಲಿದ್ದ ಬೆಳ್ಳಿ ಪಟ್ಟಿಯನ್ನು ಕಸಿದುಕೊಂಡಳು. "ಇದೂ ಬ್ಯಾಡ ಅದೂ ಬ್ಯಾಡ, ನಾ ಹೇಳತೇನಿ ಕೇಳ್ರಿ. ಕೆಂಪದ ಹಾಕ್ರಿ. ಕುಂಕುಮದ ಬಣ್ಣ. ಯಾರಿಗೂ ಕೊಂಕಿಲ್ಲ."

"ಕೆಂಪದು ಬೆಳಗಾವಿಯಿಂದ ತರಸಬೇಕ್ರಿ ಅವ್ವಾರ," ಎಂದ ಬಂಡು ದೈನ್ಯದಿಂದ.

ಈಗ ಮೂರು ಬಣ್ಣದ ಜಗಳ. ಧರೆಪ್ಪ ಕಾರಿನ ಒಂದು ಬದಿಗೆ, ಗ್ಯಾನು ಇನ್ನೊಂದು ಬದಿಗೆ, ತಾರವ್ವ ಬಾನೆಟ್ಟಿನ ಮುಂದೆ ಪಟ್ಟಿಯನ್ನು ಲಟ್ಟಣಿಗೆಯ ಹಾಗೆ ಹಿಡಿದುಕೊಂಡು. ಎದುರು ಮನೆಯ ಗೋಡೆಯ ನೆರಳು ಓಣಿಯ ನಡುವನ್ನು ದಾಟಿ ಬಂತು.

ಸರಿತಾ ಒಳಗೆ ಹೋದಳು. ಉಂಡಿಯ ಡಬ್ಬಿಗಳನ್ನು ಒಂದು ಅರಿವೆಯಲ್ಲಿ ಕಟ್ಟಿದಳು. ದೇವರ ಮುಂದಿನ ಕುಂಕುಮ ಹಚ್ಚಿಕೊಂಡಳು. ಕೆಂಪವ್ವನ ಕಾಲು ಮುಟ್ಟಿದಳು. ಕೆಂಪವ್ವ ಅವಳ ತಲೆಯ ಮೇಲೆ ಕೈಯಿಟ್ಟು, "ಬಚ್ಚಲಕ ನಾ ಸಂಭಾಳಿಸಿ ಹೋಗ್ತೇನಿ, ನೀ ಹೋಗು," ಎಂದಳು. ಸರಿತಾ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಉಂಡಿಯ ಗಂಟು ಹಿಡಿದು ಹೊಸ್ತಿಲು ದಾಟಿದಳು. ಕಟ್ಟೆ ಇಳಿದಳು. ಕಾರಿನ ಹತ್ತಿರ ಬಂದು ನಿಂತಳು.

"ಮಾವಾರ."

ಧರೆಪ್ಪನ ಮಾತು ಅರ್ಧಕ್ಕೇ ನಿಂತಿತು. ಆ ಮನೆಗೆ ಬಂದಾಗಿನಿಂದ ಸರಿತಾ ಬೀದಿಯಲ್ಲಿ ನಿಂತು ಯಾರನ್ನೂ ಕರೆದಿರಲಿಲ್ಲ. ಗ್ಯಾನು ತಿರುಗಿ ನೋಡಿದ. ತಾರವ್ವ ಪಟ್ಟಿ ಕೆಳಗಿಳಿಸಿದಳು. ಅವಳ ಹಸಿರು ಸೀರೆ, ಕೈಯಲ್ಲಿನ ಚೀಲ, ಗಂಟು, ಎಲ್ಲವೂ ಆಗಷ್ಟೇ ಅವರ ಕಣ್ಣಿಗೆ ಬಿದ್ದ ಹಾಗಿತ್ತು.

"ಐದೂವರಿಗೆ ಜಮಖಂಡಿ ಬಸ್ ಐತ್ರಿ," ಎಂದಳು ಸರಿತಾ. "ಅಲ್ಲಿಂದ ಬೀಳಗಿ ಬಸ್ ಸಿಗತೈತಿ."

ಅಪ್ಪ ಮಗನ ಮುಖ ನೋಡಿದ. ಮಗ ಅವ್ವನ ಮುಖ ನೋಡಿದ. ಬಂಡು ಒಂದು ಕ್ಲಿಪ್ಪನ್ನು ಹೆಕ್ಕಿಕೊಳ್ಳುವ ನೆಪದಲ್ಲಿ ಕೆಳಗೆ ಬಗ್ಗಿದ.

"ಯಾರರ ಒಬ್ಬರು ನನ್ನ ಈ ಕಾರಿನ್ಯಾಗ ಬಸ್ ಸ್ಟ್ಯಾಂಡ್ ತನಕಾ ಬಿಟ್ಟ ಬರ್ರಿ."